‘ಇವಾನ್ ಡೆನಿಸೊವಿಚ್‌ನ ಒಂದು ದಿನ’ ಓದುವ ಮೊದಲು ಸೋವಿಯತ್ ಚರಿತ್ರೆ ತಿಳಿದುಕೊಳ್ಳಬೇಕೇ?

ಬೇಡ. ಐವತ್ತು ಪುಟ ಓದಿದರೂ ಏನೂ ನಡೆಯುತ್ತಿಲ್ಲ, ಮೊದಲು ಸ್ಟಾಲಿನ್ ಕಾಲದ ಚರಿತ್ರೆ ಓದಿಕೊಂಡು ಬರಲೇ ಅಂತ ಕೇಳಿದ್ದೀರಿ. ಹಾಗೇ ಮಾಡಿ ಕಳೆದುಕೊಂಡವನು ನಾನು.

ಎಂ.ಎ.ಯಲ್ಲಿ ಈ ಕಾದಂಬರಿ ಮೇಲೆ ಸೆಮಿನಾರ್ ಕೊಡಬೇಕಿತ್ತು. ಎರಡು ವಾರ ಲೈಬ್ರರಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡೆ. 1945ರಲ್ಲಿ ಲೇಖಕ ಸೊಲ್ಜೆನಿತ್ಸಿನ್ ಬಂಧನ, 8 ವರ್ಷ ಶಿಕ್ಷೆ. 1962ರ ನವೆಂಬರ್‌ನಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಒಪ್ಪಿಗೆ ಸಿಕ್ಕಿ ‘ನೋವಿ ಮಿರ್’ ಪತ್ರಿಕೆಯಲ್ಲಿ ಪ್ರಕಟಣೆ. ಆಮೇಲೆ ಪೆನ್ಸಿಲ್ ಹಿಡಿದು ಓದಲು ಕೂತೆ. ಕಥಾನಾಯಕ ಇವಾನ್ ಡೆನಿಸೊವಿಚ್ ಶುಖೋವ್ ಶಿಬಿರದ ಕೈದಿ. ಅವನು ಜರ್ಮನರ ಸೆರೆಯಿಂದ ತಪ್ಪಿಸಿಕೊಂಡು ಬಂದದ್ದಕ್ಕೇ ಗೂಢಚಾರ ಅನ್ನಿಸಿಕೊಂಡ. ತಪ್ಪೊಪ್ಪಿಗೆಗೆ ಸಹಿ ಹಾಕದಿದ್ದರೆ ಸಾವು, ಹಾಕಿದರೆ 10 ವರ್ಷ. ಅದಕ್ಕೆ ಎರಡು ಗೆರೆ ಎಳೆದೆ. ಗೋಡೆ ಕಟ್ಟುವ ಪುಟಗಳು ಬಂದವು. ಬರೀ ವರ್ಣನೆ ಅಂತ ಒಟ್ಟಿಗೇ ಮಗುಚಿಬಿಟ್ಟೆ.

ಆ ವಾರ ಊರಿಗೆ ಹೋಗಿದ್ದೆ. ನಮ್ಮಪ್ಪ ಗಾರೆ ಕೆಲಸದವರು. ರಾತ್ರಿ ಊಟಕ್ಕೆ ಕೂತಾಗ ಯಾವ ಪುಸ್ತಕ ಅದು ಅಂದರು. ರಷ್ಯಾದ ಕೈದಿಗಳ ಕಥೆ, ಸೊನ್ನೆಗಿಂತ 27 ಡಿಗ್ರಿ ಕೆಳಗಿನ ಚಳಿ ಅಂದೆ.

“ಏನ್ ಕೆಲ್ಸ ಮಾಡುಸ್ತಾರೋ ಅಲ್ಲಿ?”

“ಏನೋ ಕಟ್ಟಡದ ಕೆಲಸ ಅಪ್ಪ.”

ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿದರು. “ಆ ಚಳೀಲಿ ಗಾರೆ ಹೆಪ್ಪುಗಟ್ಟಲ್ವಾ? ಹೆಂಗ್ ಕಟ್ತಾರೆ?”

“ಅದೆಲ್ಲ ಪುಸ್ತಕದಲ್ಲಿಲ್ಲ” ಅಂದೆ.

ಇತ್ತು. ನಾನು ಮಗುಚಿದ ಪುಟಗಳಲ್ಲೇ ಇತ್ತು. ಅಪ್ಪ ತೀರಿಕೊಂಡು ಮೂರು ವರ್ಷದ ಮೇಲೆ, ಒಂದು ಭಾನುವಾರ, ಪೆನ್ಸಿಲ್ ಇಲ್ಲದೆ ಓದಿದಾಗ ಕಂಡಿತು. ಹಿಮ ಕರಗಿಸಿ ನೀರು ಮಾಡ್ತಾರೆ, ಒಲೆ ಹಾಕಿ ಮರಳು ಕಾಯಿಸ್ತಾರೆ, ಬಿಸಿ ಗಾರೆಯನ್ನು ಮೇಲಕ್ಕೆ ಹೊತ್ತು ತರ್ತಾರೆ. ಗಾರೆ ಹಾಕಿದ ತಕ್ಷಣ ಬ್ಲಾಕ್ ಕೂರಬೇಕು, ಅಳತೆ ತಪ್ಪಿದರೆ ಹಾಗೇ ಕಚ್ಚಿಕೊಳ್ಳುತ್ತೆ. ಶುಖೋವ್ ಒಂದು ಒಳ್ಳೆ ಕರಣೆಯನ್ನು ಯಾರಿಗೂ ಸಿಗದಂತೆ ಬಚ್ಚಿಟ್ಟುಕೊಂಡಿರ್ತಾನೆ. ಹಿಂದೆ ಯಾರೋ ಹಾಳು ಮಾಡಿದ ವರಸೆಯನ್ನು ತಾನು ಸರಿಮಾಡ್ತಾನೆ. ಕೆಲಸ ಮುಗಿಯಿತು ಅಂತ ಕಂಬಿ ಬಡಿದರೂ, ಕಾವಲಿನವರು ಕಾಯ್ತಿದ್ದರೂ, ಉಳಿದ ಗಾರೆ ವ್ಯರ್ಥವಾಗಬಾರದು ಅಂತ ಕಟ್ಟುತ್ತಲೇ ಇರ್ತಾನೆ. ಹೊರಡುವ ಮೊದಲು ಹಿಂದೆ ಸರಿದು ಗೋಡೆಯನ್ನೊಮ್ಮೆ ನೋಡ್ತಾನೆ. ನಮ್ಮಪ್ಪ ಪ್ರತಿ ಸಂಜೆ ಹಾಗೇ ನೋಡ್ತಿದ್ದರು, ಒಂದು ಕಣ್ಣು ಮುಚ್ಚಿ. ರಸಮಟ್ಟ ಇಟ್ಟು ನೋಡೋದು ಆಮೇಲೆ.

ಏನೂ ನಡೆಯುತ್ತಿಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಹಾಸಿಗೆಯೊಳಗೆ ಬ್ರೆಡ್ಡಿನ ತುಂಡು ಇಟ್ಟು ಹೊಲಿಯೋದು, ಎಂಥ ಚಳಿಯಲ್ಲೂ ಟೋಪಿ ತೆಗೆದೇ ಊಟಕ್ಕೆ ಕೂರೋದು, ಇವೇ ಅಲ್ಲಿ ನಡೆಯುವ ಸಂಗತಿಗಳು. ಇಸವಿಗಳು ಆಮೇಲೆ ಸಿಗ್ತವೆ, ಎಲ್ಲೂ ಓಡಿಹೋಗಲ್ಲ. ಪುಸ್ತಕದಲ್ಲಿ ಅಧ್ಯಾಯಗಳೇ ಇಲ್ಲ, ಬೆಳಗಿನ ಐದರಿಂದ ರಾತ್ರಿ ಮಲಗುವವರೆಗಿನ ಒಂದೇ ದಿನ. ರಜೆಯ ದಿನ ಒಂದೇ ಸಲಕ್ಕೆ ಓದಿ. ಗೋಡೆಯ ಹತ್ತಿರ ಬಂದಾಗ, ಮನೆಯಲ್ಲಿ ಕರಣೆ ಹಿಡಿದವರು ಯಾರಾದರೂ ಇದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿ.