ದೊಡ್ಡ ಅಳತೆಯ ಆಸೆ ಬೇಡ

ಪ್ರಶ್ನೆ: ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಮ್ಮೆ ಸ್ಕೂಬಾ ಡೈವಿಂಗ್ ಮಾಡಿ ಬಂದೆ, ಈಗ ಅದೇ ಹುಚ್ಚು. ಕೋರ್ಸ್ ಸೇರುತ್ತಿದ್ದೇನೆ. ತೇಲಲು ಗಾಳಿ ತುಂಬುವ, ಸಿಲಿಂಡರ್ ಕಟ್ಟಿಕೊಳ್ಳುವ ಅಂಗಿ, ಅದೇ ಬಿಸಿಡಿ, ಕೊಳ್ಳಬೇಕು. ಜಾಕೆಟ್ ಮಾದರಿಯದೋ, ಬೆನ್ನಿಗಷ್ಟೇ ಗಾಳಿ ತುಂಬುವುದೋ?
– ಓದುಗ, ಗಂಗಾವತಿ

ಉತ್ತರ: ಸದ್ಯ ಎರಡೂ ಬೇಡ. ಗಂಗಾವತಿಯಿಂದ ವರ್ಷಕ್ಕೆ ಎಷ್ಟು ಸಲ ಸಮುದ್ರಕ್ಕೆ ಹೋಗುತ್ತೀರಿ? ಬಾಡಿಗೆಯದನ್ನೇ ಹಾಕಿ ನೋಡಿ. ಜಾಕೆಟ್ ನೀರಿನ ಮೇಲೆ ನೆಟ್ಟಗೆ ತೇಲಿಸುತ್ತದೆ, ಹೊಸಬರಿಗೆ ಧೈರ್ಯ. ಬೆನ್ನಿನದು ನೀರೊಳಗೆ ಮೀನಿನ ಹಾಗೆ ಅಡ್ಡ ಮಲಗಿಸುತ್ತದೆ. ಆದರೆ ಮೇಲೆ ಬಂದು ಜಾಸ್ತಿ ಗಾಳಿ ತುಂಬಿದರೆ ಮುಂದಕ್ಕೆ ಬಾಗಿಸುತ್ತದೆ.

ಅಳತೆ ಮಾತ್ರ ಸರಿ ಇರಲಿ. ಮಕ್ಕಳಿಗೆ ಯುಗಾದಿ ಅಂಗಿ ಕೊಂಡಂತೆ ನಾನೂ ದೊಡ್ಡದೇ ಕೊಂಡಿದ್ದೆ. ನೀರಿಗಿಳಿದರೆ ಜಾಕೆಟ್ ಕಿವಿವರೆಗೆ ಏರಿತು, ಸಿಲಿಂಡರ್ ಬೆನ್ನ ಮೇಲೆ ಉಯ್ಯಾಲೆ ಆಡಿತು! ಮೈ ಬೆಚ್ಚಗಿಡುವ ಡೈವಿಂಗ್ ಉಡುಪು ವೆಟ್‌ಸೂಟ್ ಮೇಲೆಯೇ ತೊಟ್ಟು, ಪೂರ್ತಿ ಗಾಳಿ ತುಂಬಿ ನೋಡಿ. ಉಸಿರು ಕಟ್ಟಬಾರದು.

ಏನಾದರೂ ಕೊಳ್ಳಲೇಬೇಕಾ? ಹಾಗಾದರೆ ಕಣ್ಣು, ಮೂಗು ಮುಚ್ಚುವ ಡೈವಿಂಗ್ ಮಾಸ್ಕ್ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಅಂದ ಹಾಗೆ, ನಿಮ್ಮೂರ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಟ್ರಯಲ್ ನೋಡೋಣ ಅಂತ ಹೊರಟುಬಿಟ್ಟೀರಿ, ಜೋಕೆ!