ಬರ್ಲಿನ್‌ನ ಯಹೂದಿ ಮ್ಯೂಸಿಯಂ: ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಮಗಳು ಬರ್ಲಿನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ನಾನು, ನಮ್ಮ ಯಜಮಾನರು ಅವಳನ್ನು ನೋಡಲು ಹೊರಟಿದ್ದೇವೆ. ಯಹೂದಿ ಮ್ಯೂಸಿಯಂ ನೋಡಲೇಬೇಕು ಅನ್ನುತ್ತಾಳೆ. ಇವರು ಮಾತ್ರ "ಅಷ್ಟು ದೂರ ಹೋಗಿ ಹೆಣಗಳ ಫೋಟೋ ಯಾಕೆ ನೋಡಬೇಕು" ಅಂತಾರೆ. ಏನು ಮಾಡೋಣ ಮೇಡಂ?
– ಓದುಗರು, ಹುಬ್ಬಳ್ಳಿ

ಉತ್ತರ: ಮಗಳ ಮಾತು ಕೇಳಿ. ನಿಮ್ಮ ಯಜಮಾನರು ಎರಡು ಜಾಗಗಳನ್ನು ಒಂದು ಮಾಡಿಕೊಂಡಿರಬೇಕು. ಬ್ರಾಂಡೆನ್‌ಬುರ್ಗ್ ಗೇಟ್ ಹತ್ತಿರ 2,711 ಕಾಂಕ್ರೀಟ್ ಬ್ಲಾಕ್‌ಗಳ ಬಯಲಿದೆಯಲ್ಲ, ಅದು ಕೊಲೆಯಾದ ಯಹೂದಿಗಳ ಸ್ಮಾರಕ. ಮ್ಯೂಸಿಯಂ ಬೇರೆ. ಅದು ಇರುವುದು ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಯಲ್ಲಿ.

ಅಲ್ಲಿ ಸಾವಿನ ಕಥೆಯೂ ಇದೆ, ಇಲ್ಲ ಅನ್ನಲ್ಲ. ಆದರೆ ಜಾಸ್ತಿ ಇರುವುದು ಬದುಕಿನ ಕಥೆ. ಜರ್ಮನ್ ನೆಲದಲ್ಲಿ ಯಹೂದಿಗಳಿದ್ದರು ಅನ್ನುವುದಕ್ಕೆ ಬರಹದಲ್ಲಿ ಸಿಗುವ ಮೊದಲ ಸಾಕ್ಷಿ ಕ್ರಿ.ಶ. 321ರದು. ಕಲೋನ್ ನಗರಸಭೆಗೆ ಯಹೂದಿಗಳನ್ನೂ ನೇಮಿಸಬಹುದು ಎಂದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕೊಟ್ಟ ಆಜ್ಞೆ ಅದು. ಅಲ್ಲಿಂದ ಇಲ್ಲಿಗೆ 1,700 ವರ್ಷ. ಅದರಲ್ಲಿ ನಾಜಿ ಆಳ್ವಿಕೆ 12 ವರ್ಷ. ಯಹೂದಿ ಅಂದ ಕೂಡಲೇ ಆ 12 ವರ್ಷ ಮಾತ್ರ ನೆನಪಾಗುವುದು ನಿಮ್ಮ ಯಜಮಾನರಿಗೊಬ್ಬರಿಗೇ ಅಲ್ಲ, ನಮ್ಮಲ್ಲಿ ಬಹಳ ಜನರಿಗೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರು ಹಿಟ್ಲರ್ ಪಾಠದಲ್ಲಿ ಬರುತ್ತಾರೆ, ಆ ಪಾಠದಲ್ಲೇ ಮುಗಿದೂ ಹೋಗುತ್ತಾರೆ, ಅಲ್ವಾ?

2020ರಲ್ಲಿ ಹೊಸದಾಗಿ ತೆರೆದ ಮುಖ್ಯ ಪ್ರದರ್ಶನದಲ್ಲಿ ಸಬ್ಬತ್ (ಅವರ ವಾರದ ವಿಶ್ರಾಂತಿ ದಿನ) ಹೇಗೆ ಆಚರಿಸುತ್ತಾರೆ, ಅವರಿಗೆ ಪವಿತ್ರ ಯಾವುದು, ಅವರ ಹಾಡು, ಸಂಗೀತ ಏನು ಅನ್ನುವುದೆಲ್ಲ ಇದೆ. ಡೆಸಾವ್ ಊರಿನ ಬಡ ಮನೆಯಿಂದ 1743ರಲ್ಲಿ, 14ನೇ ವಯಸ್ಸಿಗೆ, ಬರ್ಲಿನ್‌ಗೆ ಬಂದು ಯುರೋಪಿನ ದೊಡ್ಡ ತತ್ವಜ್ಞಾನಿಗಳಲ್ಲಿ ಒಬ್ಬನಾದ ಮೋಸೆಸ್ ಮೆಂಡೆಲ್‌ಸೋನ್ ಸಿಗುತ್ತಾನೆ. ಊರುಬಿಟ್ಟು ಹೋದ ಕುಟುಂಬಗಳು ಕೊಟ್ಟ ಪತ್ರಗಳು, ಫೋಟೋಗಳು ಸಿಗುತ್ತವೆ. 1990ರ ನಂತರ ಹಳೆಯ ಸೋವಿಯತ್ ನಾಡುಗಳಿಂದ ಸುಮಾರು 2 ಲಕ್ಷ ಯಹೂದಿಗಳು ಜರ್ಮನಿಗೆ ಬಂದರು. ಇವತ್ತಿನ ಯಹೂದಿ ಸಮುದಾಯದಲ್ಲಿ ಅವರ ಪಾಲೇ ದೊಡ್ಡದು, ಅವರ ಕಥೆಯೂ ಇದೆ.

ಒಂದೇ ಸಲಹೆ. ಮೊದಲು ಸಿಗುವ ನೆಲದಡಿಯ ಭಾಗದಲ್ಲೇ ಕಾಲಿನ ಶಕ್ತಿಯನ್ನೆಲ್ಲ ಖಾಲಿ ಮಾಡಿಕೊಳ್ಳಬೇಡಿ. ತುಂಬಾ ಜನ ಅಲ್ಲೇ ಸುಸ್ತಾಗಿ, ಮೇಲಿನದನ್ನು ಓಡೋಡುತ್ತ ನೋಡಿ ಬರುತ್ತಾರೆ. ಅಸಲು ವಿಷಯ ಇರುವುದೇ ಮೇಲೆ. ಮುಖ್ಯ ಪ್ರದರ್ಶನಕ್ಕೆ ದುಡ್ಡಿಲ್ಲ. ಯಹೂದಿ ಹೊಸ ವರ್ಷ ಮತ್ತು ಯೋಮ್ ಕಿಪ್ಪೂರ್ (ಅವರ ಪ್ರಾಯಶ್ಚಿತ್ತದ ಉಪವಾಸ) ದಿನ ಮುಚ್ಚಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗುವುದಾದರೆ ಮಗಳಿಗೆ ಮೊದಲೇ ನೋಡಿಡಲು ಹೇಳಿ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿ. ಈ ಮ್ಯೂಸಿಯಂಗೆ ಬಾಗಿಲೇ ಇಲ್ಲ ಅಂತ ಕ್ಲಾಸಿನಲ್ಲಿ ಹೇಳಿದರು. ಸುಮ್ನೆ ಶೋಕಿಗೆ ಹಾಗೆ ಕಟ್ಟಿದ್ದಾ?
– ಓದುಗರು, ಬೆಂಗಳೂರು

ಉತ್ತರ: ಹೊಸ ಕಟ್ಟಡಕ್ಕೆ ಹೊರಗಿನಿಂದ ಬಾಗಿಲಿಲ್ಲ, ನಿಜ. ಪಕ್ಕದಲ್ಲಿ 1735ರ ಹಳೆಯ ಕಟ್ಟಡವಿದೆ, ಹಿಂದೆ ಅದು ಪ್ರಶ್ಯಾ ಎಂಬ ಹಳೆಯ ಜರ್ಮನ್ ರಾಜ್ಯದ ನ್ಯಾಯಾಲಯ. ಅದರೊಳಗೆ ಹೋಗಿ, ಮೆಟ್ಟಿಲಿಳಿದು, ನೆಲದಡಿಯಿಂದ ಹೊಸದಕ್ಕೆ ದಾಟಬೇಕು. ಮೇಲೆ ನಿಂತು ನೋಡಿದರೆ ಎರಡೂ ಕಟ್ಟಡ ಒಂದನ್ನೊಂದು ಮುಟ್ಟುವುದಿಲ್ಲ, ಒಳಗೊಳಗೇ ಸೇರಿಕೊಂಡಿವೆ. ಜರ್ಮನ್ ಇತಿಹಾಸ, ಯಹೂದಿ ಇತಿಹಾಸ ಎರಡರ ಸಂಬಂಧವೂ ಹೀಗೇ ಅನ್ನುವುದು ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಲೆಕ್ಕಾಚಾರ. ಈತ ಹುಟ್ಟಿದ್ದು 1946ರಲ್ಲಿ, ಪೋಲೆಂಡಿನಲ್ಲಿ, ನಾಜಿಗಳ ಯಹೂದಿ ಹತ್ಯಾಕಾಂಡದಿಂದ ಬದುಕುಳಿದ ತಂದೆ ತಾಯಿಗೆ.

ಕೆಳಗಿಳಿದರೆ ಮೂರು ದಾರಿ. ಒಂದು ದೇಶ ಬಿಟ್ಟುಹೋದವರದು, ಒಂದು ಹತ್ಯಾಕಾಂಡದ್ದು, ಇನ್ನೊಂದು ಮುಂದುವರಿಕೆಯದು. ಮೊದಲನೆಯದರ ಗೋಡೆಯ ಮೇಲೆ ಯಹೂದಿಗಳು ಓಡಿಹೋಗಿ ನೆಲೆಸಿದ ಊರುಗಳ ಹೆಸರಿವೆ. ಅದು ಮುಗಿಯುವುದು ಒಂದು ತೋಟದಲ್ಲಿ. 49 ಕಾಂಕ್ರೀಟ್ ಕಂಬ, ತಲೆಯ ಮೇಲೆ ಗಿಡ. 48 ಕಂಬಗಳಲ್ಲಿ ಬರ್ಲಿನ್ ಮಣ್ಣು, ಒಂದರಲ್ಲಿ ಜೆರುಸಲೇಮಿನದು. ಇಸ್ರೇಲ್ ಆಗಿದ್ದು 1948ರಲ್ಲಿ, ಅದಕ್ಕೇ 48. ನೆಲ ಓರೆ, ಕಂಬಗಳೂ ಓರೆ. ಹಾಗಾಗಿ ಕಣ್ಣು ಒಂದು ಹೇಳುತ್ತದೆ, ಕಾಲು ಇನ್ನೊಂದು ಹೇಳುತ್ತದೆ, ನಡೆಯುತ್ತ ನಡೆಯುತ್ತ ತಲೆ ಸುತ್ತಲು ಶುರುವಾಗುತ್ತದೆ. ಗುರುತಿಲ್ಲದ ದೇಶಕ್ಕೆ ಬಂದಿಳಿದವರ ಪಾಡು ಇದು.

ಎರಡನೆಯ ದಾರಿಯ ಕೊನೆಗೆ ಸುಮಾರು 24 ಮೀಟರ್ ಎತ್ತರದ ಖಾಲಿ ಗೋಪುರ. ಹೀಟರ್ ಇಲ್ಲ, ಎಲ್ಲೋ ಮೇಲಿಂದ ಒಂದು ಗೆರೆ ಬೆಳಕು. ಇದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಎರಡು ನಿಮಿಷ ಕತ್ತಲಲ್ಲಿ ನಿಂತ ಪ್ರವಾಸಿಗೆ ಗ್ಯಾಸ್ ಚೇಂಬರಿಗೆ ಹೋದವರ ಮನಸ್ಸು ಅರ್ಥವಾದೀತು ಅನ್ನುವ ನಂಬಿಕೆ ನನಗಿಲ್ಲ. ತೋಟ ಅಷ್ಟು ದೊಡ್ಡ ಮಾತಾಡುವುದಿಲ್ಲ, ಅದಕ್ಕೇ ಚೆನ್ನಾಗಿ ತಟ್ಟುತ್ತದೆ.

ಕಟ್ಟಡದ ಉದ್ದಕ್ಕೂ ಅಲ್ಲಲ್ಲಿ ಬೇಕಂತಲೇ ಖಾಲಿ ಬಿಟ್ಟ ಜಾಗಗಳಿವೆ. ಇಲ್ಲಿ ಇರಬೇಕಾಗಿದ್ದವರು ಇಲ್ಲ ಅಂತ. ಅಂಥ ಒಂದರಲ್ಲಿ ಇಸ್ರೇಲಿ ಕಲಾವಿದ ಮೆನಾಶೆ ಕಾಡಿಶ್ಮನ್ ಕಬ್ಬಿಣದಲ್ಲಿ ಕತ್ತರಿಸಿದ 10,000ಕ್ಕೂ ಹೆಚ್ಚು ಮುಖಗಳನ್ನು ನೆಲಕ್ಕೆ ಹರಡಿದ್ದಾನೆ, ಎಲ್ಲದರ ಬಾಯೂ ತೆರೆದಿದೆ. ಅವುಗಳ ಮೇಲೆ ನಡೆಯಬಹುದು. ಒಂದೊಂದು ಹೆಜ್ಜೆಗೂ ಠಣ್ ಅನ್ನುತ್ತದೆ.

ಶೋಕಿಯ ಪ್ರಶ್ನೆಗೆ ಬಂದರೆ, ಪೂರ್ತಿ ಸುಳ್ಳೂ ಅಲ್ಲ. 1999ರಲ್ಲಿ ಕಟ್ಟಡ ಮುಗಿದಾಗ ಒಳಗೆ ಒಂದು ವಸ್ತುವೂ ಇರಲಿಲ್ಲ, ಆದರೂ ಸುಮಾರು 3.5 ಲಕ್ಷ ಜನ ಖಾಲಿ ಕಟ್ಟಡವನ್ನೇ ನೋಡಿಹೋದರು. ಹಾಗೇ ಬಿಟ್ಟುಬಿಡಿ ಅಂದವರೂ ಇದ್ದರು! ಅಂಕುಡೊಂಕು ಗೋಡೆಗಳ ನಡುವೆ ಪ್ರದರ್ಶನ ಜೋಡಿಸುವುದು ಎಂಥ ತಲೆನೋವು ಅಂತ ನೀವೇ ಒಂದು ಪ್ಲಾನ್ ಹಾಕಿ ನೋಡಿ.

ಪ್ರಶ್ನೆ: ಹಿಟ್ಲರ್ ಬರುವ ಮೊದಲೇ ಬರ್ಲಿನ್‌ನಲ್ಲಿ ಇಂಥ ಮ್ಯೂಸಿಯಂ ಇತ್ತಂತೆ, ಹೌದಾ?
– ಓದುಗರು, ಶಿವಮೊಗ್ಗ

ಉತ್ತರ: ಇತ್ತು. ತೆರೆದದ್ದು 1933ರ ಜನವರಿ 24. ಹಿಟ್ಲರ್ ಚಾನ್ಸೆಲರ್ ಆದದ್ದು ಜನವರಿ 30. ಮಧ್ಯೆ ಆರೇ ದಿನ. ಆದರೂ ಅದು ಐದು ವರ್ಷಕ್ಕೂ ಮೇಲೆ ನಡೆಯಿತು. 1938ರ ನವೆಂಬರ್‌ನಲ್ಲಿ, ಯಹೂದಿ ಮಂದಿರ, ಅಂಗಡಿಗಳಿಗೆ ಬೆಂಕಿ ಬಿದ್ದ ಆ ರಾತ್ರಿಯ ಬೆನ್ನಲ್ಲೇ, ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಬಂದು ಮುಚ್ಚಿಸಿತು. ಈಗಿನ ಮ್ಯೂಸಿಯಂಗೂ ಮುಹೂರ್ತ ಸರಿ ಸಿಗಲಿಲ್ಲ ಅನ್ನಿ. ಜನರಿಗೆ ತೆರೆಯಬೇಕಿದ್ದ ದಿನ 2001ರ ಸೆಪ್ಟೆಂಬರ್ 11. ನ್ಯೂಯಾರ್ಕ್ ಸುದ್ದಿ ಬಂತು, ಎರಡು ದಿನ ಮುಂದೆ ಹೋಯಿತು.

ಪ್ರಶ್ನೆ: ಇದನ್ನು ನಡೆಸುವುದು ಇಸ್ರೇಲ್ ಸರ್ಕಾರವೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ, ಇದು ಜರ್ಮನ್ ಒಕ್ಕೂಟ ಸರ್ಕಾರದ ಕೆಳಗಿನ ಪ್ರತಿಷ್ಠಾನ. ಆದರೆ ಇಸ್ರೇಲ್ ವಿಷಯ ಇದನ್ನು ಬಿಟ್ಟಿಲ್ಲ. 2019ರಲ್ಲಿ ಇಸ್ರೇಲ್ ಬಹಿಷ್ಕಾರ ಚಳವಳಿಯ ವಿರುದ್ಧ ಜರ್ಮನ್ ಸಂಸತ್ತು ಮಾಡಿದ ನಿರ್ಣಯವನ್ನು ಟೀಕಿಸಿದ ಬರಹವೊಂದನ್ನು ಮ್ಯೂಸಿಯಂ ಟ್ವಿಟರ್‌ನಲ್ಲಿ ಹಂಚಿಕೊಂಡಿತು. ಗಲಾಟೆ ಜೋರಾಗಿ ನಿರ್ದೇಶಕ ಪೀಟರ್ ಶೇಫರ್ ರಾಜೀನಾಮೆ ಕೊಟ್ಟರು. ಅವರು ಯಹೂದಿಯಲ್ಲ, ಆದರೆ ಯಹೂದಿ ಧರ್ಮದ ದೊಡ್ಡ ವಿದ್ವಾಂಸ. ಯಹೂದಿ ಮ್ಯೂಸಿಯಂ ಯಾರ ಪರವಾಗಿ ಮಾತಾಡಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಜಗಳಕ್ಕೆ ಹೆದರುವ ಜಾಗವೂ ಅಲ್ಲ ಬಿಡಿ. 2013ರಲ್ಲಿ ಒಂದು ಗಾಜಿನ ಪೆಟ್ಟಿಗೆಯಲ್ಲಿ ನಿಜವಾದ ಯಹೂದಿಯೊಬ್ಬರನ್ನು ಕೂರಿಸಿ, ಏನು ಬೇಕಾದರೂ ಕೇಳಿ ಎಂದು ಜನರನ್ನು ಕರೆದರು. ಪೆಟ್ಟಿಗೆಯ ಮುಂಭಾಗ ತೆರೆದಿತ್ತು. ಮನುಷ್ಯರನ್ನು ಪ್ರದರ್ಶನಕ್ಕಿಡುತ್ತೀರಾ ಎಂದು ಕೆಲವರು ಬೈದರು. ಆದರೆ ಎಷ್ಟೋ ಜರ್ಮನ್ನರು ಒಬ್ಬ ಯಹೂದಿಯ ಜೊತೆ ಒಂದು ಮಾತೂ ಆಡಿರುವುದಿಲ್ಲ, ಅದನ್ನು ಇಷ್ಟು ಚೆನ್ನಾಗಿ ಬೇರೆ ಹೇಗೆ ತೋರಿಸುತ್ತೀರಿ?

ಪ್ರಶ್ನೆ: ಆಗ ಜರ್ಮನಿ ಬಿಟ್ಟ ಯಹೂದಿಗಳು ನಮ್ಮ ಕಡೆಗೂ ಬಂದಿದ್ದರಾ?
– ಓದುಗರು, ಮೈಸೂರು

ಉತ್ತರ: ಬಂದಿದ್ದರು, ಅದೂ ನಿಮ್ಮ ಮೈಸೂರು ಸಂಸ್ಥಾನಕ್ಕೇ. 1933ರಲ್ಲಿ ಜರ್ಮನಿಯ ಗ್ಯೋಟಿಂಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ರನ್ನು ಸಿ.ವಿ. ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ಕರೆಸಿಕೊಂಡರು. 1935-36ರಲ್ಲಿ ಕೆಲವು ತಿಂಗಳು ಇದ್ದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಹೋರಾಡಿದರು, ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಬಂತು. ಕೈಬಿಟ್ಟವರ ಹೆಸರು ಈಗ ಯಾರಿಗೂ ನೆನಪಿಲ್ಲ.

ಇನ್ನೊಬ್ಬರು ಉಳಿದುಕೊಂಡರು. ಬರ್ಲಿನ್‌ನಲ್ಲೇ ಹುಟ್ಟಿದ ಒಟ್ಟೊ ಕೋನಿಗ್ಸ್‌ಬರ್ಗರ್. 1933ರಲ್ಲಿ ಸರ್ಕಾರಿ ಕೆಲಸ ಹೋಯಿತು, ಈಜಿಪ್ಟ್ ಸುತ್ತಿ, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದ ಮೈಸೂರು ಸರ್ಕಾರಕ್ಕೆ ಆರ್ಕಿಟೆಕ್ಟ್ ಆಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡ ಅವರದು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪವೂ ಅವರದೇ. ಭುವನೇಶ್ವರದ ನಕ್ಷೆಯನ್ನೂ ಮುಂದೆ ಇವರೇ ಹಾಕಿದರು.

ಪ್ರಶ್ನೆ: ಐದು ವರ್ಷದ ಮಗುವನ್ನು ಕರೆದುಕೊಂಡು ಹೋಗಬಹುದಾ?
– ಓದುಗರು, ಮ್ಯೂನಿಕ್

ಉತ್ತರ: ಖಂಡಿತ, ಆದರೆ ರಸ್ತೆಯ ಆಚೆ ಬದಿಗೆ. ಹಳೆಯ ಹೂವಿನ ಸಗಟು ಮಾರುಕಟ್ಟೆಯಲ್ಲಿ 2021ರಲ್ಲಿ ಅನೋಹಾ ಎಂಬ ಮಕ್ಕಳ ಮ್ಯೂಸಿಯಂ ತೆರೆದಿದ್ದಾರೆ. ಒಳಗೆ ಬೈಬಲ್ ಕಥೆಯಲ್ಲಿ ಪ್ರಳಯದಿಂದ ಪ್ರಾಣಿಗಳನ್ನು ಉಳಿಸಿದ ನೋಹನ ಹಡಗು, ದೊಡ್ಡದಾಗಿ ಮರದಲ್ಲಿ ಮಾಡಿದ್ದು, ಹಳೆಯ ಸಾಮಾನುಗಳಿಂದ ಮಾಡಿದ 150ಕ್ಕೂ ಹೆಚ್ಚು ಪ್ರಾಣಿಗಳು. ಮುಟ್ಟಬಹುದು, ಹತ್ತಬಹುದು. ಟಿಕೆಟ್ ಮೊದಲೇ ಬುಕ್ ಮಾಡಿಕೊಳ್ಳಿ.