ಬೀಳ್ಕೊಡುವ ಕವಿತೆಯಲ್ಲಿ ಕಣ್ಣೀರೇಕೆ ಕಾಣುವುದಿಲ್ಲ?

ಪ್ರಶ್ನೆ: ಹಳೆಯ ಚೀನೀ ಕವಿತೆಗಳನ್ನು ಅನುವಾದದಲ್ಲಿ ಓದುತ್ತಿದ್ದೇನೆ. ಗೆಳೆಯನನ್ನು ಬೀಳ್ಕೊಡುವ ಪದ್ಯಗಳೇ ಬಹಳ. ಆದರೆ ಕವಿ ದುಃಖದ ಮಾತೇ ಎತ್ತದೆ ಮಳೆ, ವಿಲೋ ಮರ, ಹಾಯಿದೋಣಿ ಎಂದು ಹೇಳಿ ಮುಗಿಸಿಬಿಡುತ್ತಾನೆ. ಅಗಲಿಕೆಯ ನೋವು ಇದರಲ್ಲಿ ಎಲ್ಲಿದೆ?

ಉತ್ತರ: ವಾಂಗ್ ವೇಯ್‌ನ ನಾಲ್ಕು ಸಾಲಿನ ಪದ್ಯವೊಂದನ್ನು ನಿಧಾನವಾಗಿ ಓದೋಣ. ಎಂಟನೆಯ ಶತಮಾನ, ತಾಂಗ್ ಅರಸರ ಕಾಲ. ಸಾಲಿಗೆ 7ರಂತೆ ಒಟ್ಟು 28 ಅಕ್ಷರ. ಗೆಳೆಯ ಯುವಾನ್ ರಾಜಕಾರ್ಯದ ಮೇಲೆ ದೂರದ ಆನ್‌ಷಿಗೆ, ಈಗಿನ ಷಿನ್‌ಜಿಯಾಂಗ್ ಕಡೆಗೆ ಹೊರಟಿದ್ದಾನೆ. ವೇಯ್‌ಚೆಂಗ್ ಊರಲ್ಲಿ ಬೆಳಗಿನ ಮಳೆ ಹಗುರ ಧೂಳನ್ನು ತೋಯಿಸಿದೆ. ಛತ್ರದ ಬಳಿ ಹಸಿರೋ ಹಸಿರು, ವಿಲೋ ಹೊಸ ಬಣ್ಣ ತಳೆದಿದೆ. ಇನ್ನೊಂದು ಬಟ್ಟಲು ಮುಗಿಸು, ಪಶ್ಚಿಮಕ್ಕೆ ಯಾಂಗ್ ಗಡಿಬಾಗಿಲು ದಾಟಿದರೆ ಹಳೆಯ ಗೆಳೆಯರಾರೂ ಸಿಗುವುದಿಲ್ಲ. ಇಷ್ಟೇ ಪದ್ಯ.

ಆ ಧೂಳನ್ನು ಗಮನಿಸಿ. ಕುದುರೆ, ಬಂಡಿ ಓಡಾಡುವ ಹಾದಿಯಲ್ಲಿ ಅದು ಏಳಲೇಬೇಕು. ಇವತ್ತು ಎದ್ದಿಲ್ಲ. ಹದವಾಗಿ ಮಳೆ ಬಿದ್ದು ದಾರಿ ತಂಪಾಗಿದೆ. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಬೆಳಗು ಸಿಗದು, ಹಾಗಾಗಿ ‘ನಾಳೆ ಹೊರಡು’ ಎನ್ನಲು ನೆಪವೂ ಇಲ್ಲ. ನನ್ನ ಪಾಲಿಗೆ ಪದ್ಯದ ಸಂಕಟ ಶುರುವಾಗುವುದು ಇಲ್ಲೇ. ಡುನ್‌ಹುವಾಂಗ್ ಹತ್ತಿರದ ಆ ಗಡಿಬಾಗಿಲು ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅದರಾಚೆ ಮರಳುಗಾಡು.

ಇನ್ನು ವಿಲೋ. ಚೀನೀ ಭಾಷೆಯಲ್ಲಿ ಆ ಮರ ‘ಲಿಯು’. ‘ಉಳಿದುಕೋ’ ಎಂಬ ಮಾತೂ ‘ಲಿಯು’, ಸ್ವರದ ಏರಿಳಿತ ಮಾತ್ರ ಬೇರೆ. ರಾಜಧಾನಿ ಛಾಂಗ್‌ಆನ್‌ನ ಪೂರ್ವಕ್ಕಿದ್ದ ಬಾ ಸೇತುವೆಯವರೆಗೆ ಜೊತೆಗೆ ನಡೆದು, ಅಲ್ಲಿ ವಿಲೋ ರೆಂಬೆ ಮುರಿದು ಹೊರಟವರ ಕೈಗಿಡುವ ವಾಡಿಕೆಯಿತ್ತು. ಬಾಯಲ್ಲಿ ಹೇಳಲಾಗದ ‘ಹೋಗಬೇಡ’ವನ್ನು ರೆಂಬೆ ಹೇಳುತ್ತಿತ್ತು. ಇದನ್ನು ಬಲ್ಲ ಓದುಗನಿಗೆ ಛತ್ರದ ಬಳಿಯ ಹಸಿರು ಬರೀ ಹಸಿರಾಗಿ ಉಳಿಯುವುದಿಲ್ಲ.

ಅನುವಾದದಲ್ಲಿ ಕಳೆದುಹೋಗುವುದು ಇನ್ನೊಂದಿದೆ. ಗೆಳೆಯನೊಬ್ಬನನ್ನು ಕಳಿಸುತ್ತ ಅದೇ ಕಾಲದ ಕವಿ ಲಿ ಬಾಯ್ ಬರೆದ ಎರಡು ಸಾಲನ್ನು ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ: ‘ತೇಲುವ ಮೋಡ, ಅಲೆಯುವವನ ಮನಸ್ಸು, ಮುಳುಗುವ ಸೂರ್ಯ, ಹಳೆಯ ಗೆಳೆಯನ ಒಲವು.’ ‘ಅಂತೆ’, ‘ಹಾಗೆ’ ಯಾವುದೂ ಇಲ್ಲ. ಉಪಮೆಗೆ ಒಗ್ಗಿದ ನಾವು ಕನ್ನಡಕ್ಕೆ ತರುವಾಗ ‘ಮೋಡದಂತೆ’ ಎಂದುಬಿಡುತ್ತೇವೆ. ಆಗ ಮೋಡ ಮನಸ್ಸಿನ ಒಡವೆಯಾಗಿಬಿಡುತ್ತದೆ. ಮೂಲದಲ್ಲಿ ಎರಡೂ ಅಕ್ಕಪಕ್ಕ ನಿಂತಿವೆ, ಸರಿಸಮವಾಗಿ. ನಿಮ್ಮ ಕೈಯಲ್ಲಿರುವ ಅನುವಾದದಲ್ಲಿ ‘ಅಂತೆ’ ಸಿಕ್ಕಿದಾಗ ಅದನ್ನು ಬಿಟ್ಟು ಒಮ್ಮೆ ಓದಿ ನೋಡಿ.

ಎಲ್ಲರೂ ಅಳುವನ್ನು ಮುಚ್ಚಿಟ್ಟರೆಂದಲ್ಲ. ಕವಲುದಾರಿಯಲ್ಲಿ ನಿಂತು ಕಣ್ಣೀರಲ್ಲಿ ವಸ್ತ್ರ ತೋಯಿಸುವುದು ಬೇಡ ಎಂದು ಇನ್ನೊಬ್ಬ ತಾಂಗ್ ಕವಿ ವಾಂಗ್ ಬೋ ಗೆಳೆಯನಿಗೆ ನೇರವಾಗಿಯೇ ಹೇಳುತ್ತಾನೆ. ಬೇಡ ಎನ್ನಬೇಕಾಯಿತೆಂದರೆ ಅಳು ಬಂದಿತ್ತು ಎಂದೇ ಅಲ್ಲವೇ?

ನೀವು ಹೇಳಿದ ಹಾಯಿದೋಣಿ ಲಿ ಬಾಯ್‌ನ ಮತ್ತೊಂದು ಪದ್ಯದ್ದಿರಬೇಕು. ಈಗಿನ ವುಹಾನ್‌ನಲ್ಲಿರುವ ಹಳದಿ ಕೊಕ್ಕರೆ ಗೋಪುರದಿಂದ ಕವಿ ಮೆಂಗ್ ಹಾವ್‌ರಾನ್ ಯಾಂಗ್‌ಝೌಗೆ ಹೊರಟಿದ್ದಾನೆ. ಹೂ ಬಿಟ್ಟ ಮೂರನೆಯ ತಿಂಗಳು. ಒಂಟಿ ಹಾಯಿಯ ನೆರಳು ದೂರವಾಗುತ್ತ ನೀಲಿಯಲ್ಲಿ ಕರಗುತ್ತದೆ. ಮುಗಿಲಂಚಿಗೆ ಹರಿಯುವ ಯಾಂಗ್‌ತ್ಸೆ ನದಿ ಮಾತ್ರ ಕಾಣುತ್ತದೆ. ಹಾಯಿ ಚುಕ್ಕಿಯಾಗಿ, ಚುಕ್ಕಿಯೂ ಅಳಿಸಿಹೋಗುವವರೆಗೆ ಎಷ್ಟು ಹೊತ್ತು ಹಿಡಿದಿರಬೇಕು! ಅಷ್ಟು ಹೊತ್ತೂ ಲಿ ಬಾಯ್ ದಡ ಬಿಟ್ಟು ಕದಲಿಲ್ಲ.